ಇವರ ಎದೆಯ ಪೊರೆ

ಜನವರಿ 12, ರವಿವಾರ

ಇವತ್ತು ಡಿಪೋದವರು ರಜೆ ಕೊಟ್ಟರು, ಮನೆ ಕೊಡಲಿಲ್ಲ. ಬೆಳಿಗ್ಗೆ ಎದ್ದವಳೇ ಇವರ ಪ್ಯಾಂಟಿನ ಕಿಸೆ, ಎಮ್ಮೆ ಕಟ್ಟುವ ಛಪ್ಪರದ ಸಂದಿ, ಬಚ್ಚಲಿನ ಹಂಡೆಯ ಹಿಂದೆ, ಹಿಂಡಿ ಚೀಲದ ತಳ ಎಲ್ಲ ತಡಕಿದೆ. ದಾರು ಬಾಟಲಿ ಇಲ್ಲ, ಪಾಕೀಟೂ ಇಲ್ಲ. ಹೊಟ್ಟೆ ಉಬ್ಬಲು ಶುರುವಾದಾಗಿನಿಂದ, ಒಂದು ವರ್ಷದ ಮೇಲಾಯಿತು, ಹೀಗೆ ಹುಡುಕುತ್ತಲೇ ಇದ್ದೇನೆ. ಕುಡಿಯದಿದ್ದರೆ ಹೊಟ್ಟೆ ಹೀಗೆ ದಿನ ತುಂಬಿದ ಬಸುರಿಯ ಹಾಗೆ ಉಬ್ಬುತ್ತದೆಯೇ? ಕಾಲು ಬಾತು ಚಪ್ಪಲಿ ಹಿಡಿಸುತ್ತಿಲ್ಲ. ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಅದು ತುಂಬಿಕೊಳ್ಳಲು ಎಷ್ಟೋ ಹೊತ್ತು ಬೇಕು.

ಶುಕ್ರವಾರ ತೋರಿಸಲು ಹೋದ ಖಾಸಗಿ ಡಾಕ್ಟರು ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, ಇವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಲಿವರ್ ಕೆಟ್ಟೈತ್ರಿ. ಹೊಟ್ಟ್ಯಾಗ ನೀರ ತುಂಬೇತಿ. ದಿನಾ ಎಷ್ಟ ಕುಡೀತಾರ?"

"ಬಿಟ್ಟು ಆರು ವರ್ಷ ಆತ್ರಿ," ಅಂದರು ಇವರು.

"ಎಲ್ಲಾರೂ ಹಂಗ ಹೇಳ್ತಾರ," ಎಂದು ಡಾಕ್ಟರು ನಕ್ಕು, ಗುಳಿಗೆ ಬರೆದುಕೊಟ್ಟರು.

ನಾನು ಹದಿನಾಲ್ಕು ವರ್ಷದಿಂದ ಕಂಡಕ್ಟರ್. ಚಿಕ್ಕೋಡಿಯಿಂದ ರಾಯಬಾಗದ ಮೇಲೆ ಮುಗಳಖೋಡಕ್ಕೆ ಹೋಗುವ ಗಾಡಿ ನನ್ನದು. ಯಾರು ಕುಡಿದು ಹತ್ತುತ್ತಿದ್ದಾರೆ ಅನ್ನುವುದು ಅವರು ಮೊದಲ ಮೆಟ್ಟಿಲಿಗೆ ಕಾಲಿಡುವಾಗಲೇ ನನಗೆ ತಿಳಿಯುತ್ತದೆ. ಸ್ವಂತ ಗಂಡನ ಬಾಯಿಯ ವಾಸನೆ ಮಾತ್ರ ಸಿಗುತ್ತಿಲ್ಲ. ಅಷ್ಟು ಜಾಣರಾಗಿದ್ದಾರೆ.

ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಅತ್ತೆಯ ಮುಂದೆ ಹೇಳಿದರೆ ಅಳುತ್ತಾರೆ. ಮಗಳು ನೀಲಮನ ಮುಂದೆ ಹೇಳಿದರೆ ಅಪ್ಪನ ಪರ ವಕೀಲಿ ಮಾಡುತ್ತಾಳೆ. ಯೂನಿಯನ್ನಿನವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇದು ಎದುರು ಮಾತಾಡುವುದಿಲ್ಲ.

ಜನವರಿ 19, ರವಿವಾರ

ಹೇಳಿಬಿಟ್ಟೆ.

ಆರು ವರ್ಷದ ಹಿಂದೆ ಧಮ್ಮಚಕ್ರ ದಿನದಂದು ನಿಪ್ಪಾಣಿಯ ವಿಹಾರದಲ್ಲಿ, ನೂರಾರು ಜನರ ನಡುವೆ ನಿಂತು, ಇವರು ಪಂಚಶೀಲ ತೆಗೆದುಕೊಂಡಿದ್ದರು. ಮದ್ಯ ಮುಟ್ಟುವುದಿಲ್ಲ ಎಂಬ ಐದನೆಯ ಶೀಲ ಹೇಳುವಾಗ ಇವರ ದನಿ ಎಲ್ಲರಿಗಿಂತ ಜೋರಾಗಿತ್ತು. ನಾನು ಅಳುತ್ತ ನಿಂತಿದ್ದೆ. ಅಂದಿನಿಂದ ನಮ್ಮೂರು ಕರೋಶಿಯ ವಿಹಾರದಲ್ಲಿ ಪ್ರತಿ ರವಿವಾರ ಬುದ್ಧವಂದನೆ ಹೇಳಿಕೊಡುವುದು ಇವರೇ. ಕುಡಿಯುವ ಬಾಯಿಂದ ವಂದನೆ ಹೇಳಿಸುವುದು ಎಂಥ ನಾಚಿಕೆಗೇಡು! ನನಗೆ ತಡೆಯಲಾಗಲಿಲ್ಲ. ವಿಹಾರ ನೋಡಿಕೊಳ್ಳುವ ಹಿರಿಯರು ಭರಮು ಕಾಕಾ. ಅವರನ್ನು ಬದಿಗೆ ಕರೆದು, "ಕಾಕಾ, ಇನ್ನ ಮ್ಯಾಲ ಇವರ ಕಡೆಯಿಂದ ವಂದನಾ ಬ್ಯಾಡ್ರಿ. ಮತ್ತ ಕುಡ್ಯಾಕತ್ತಾರ. ಡಾಕ್ಟರ್ ಲಿವರ್ ಕೆಟ್ಟೈತಿ ಅಂದಾರ," ಅಂದೆ.

ಕಾಕಾ ಒಳಗೆ ಹೋಗಿ ಇವರ ಕಿವಿಯಲ್ಲಿ ಏನೋ ಹೇಳಿದರು. ಇವರು ಎದ್ದು, ಗೋಡೆ ಹಿಡಿದುಕೊಂಡು, ಹಿಂದಿನ ಸಾಲಿಗೆ ಹೋಗಿ ಕುಳಿತರು. ವಂದನೆ ಮುಗಿಯುವ ತನಕ ಅಲ್ಲೇ ಇದ್ದರು. ಮನೆಗೆ ಬಂದ ಮೇಲೆ ಒಂದು ಮಾತಿಲ್ಲ. ತಪ್ಪಿಲ್ಲದವನು ಹೀಗೆ ಸುಮ್ಮನಿರುತ್ತಾನೆಯೇ? ಹಾರಾಡುತ್ತಾನೆ, ತಾಟು ಎಸೆಯುತ್ತಾನೆ. ಇವರ ಮೌನವೇ ಸಾಕ್ಷಿ.

ಫೆಬ್ರವರಿ 4, ಮಂಗಳವಾರ

ಹೊಟ್ಟೆಯ ನೀರು ಎರಡನೆಯ ಸಲ ತೆಗೆಸಿದ್ದಾಯಿತು. ಸೂಜಿ ಚುಚ್ಚಿ, ನಳಿಗೆ ಹಾಕಿ, ಬಾಟಲಿ ಬಾಟಲಿ ತೆಗೆದರು. ಹದಿನೈದು ದಿನಕ್ಕೆ ಮತ್ತೆ ತುಂಬುತ್ತದಂತೆ. ಹಾಗಾದರೆ ತೆಗೆದದ್ದು ಯಾಕೆ?

ಆಸ್ಪತ್ರೆಯಿಂದ ನನ್ನ ಗಾಡಿಯಲ್ಲೇ ಕರೆತಂದೆ. ಇವರು ಮೂರು ಮೆಟ್ಟಿಲು ಹತ್ತಲು ತೆಗೆದುಕೊಂಡ ಹೊತ್ತಿನಲ್ಲಿ ಇಡೀ ಗಾಡಿ ತುಂಬಿಸಬಹುದಿತ್ತು. ಒಂದು ಕಾಲು ಇಡುವುದು, ನಿಲ್ಲುವುದು, ಬಾಯಿ ತೆರೆದು ಉಸಿರು ಎಳೆಯುವುದು. ಹಿಂದಿನಿಂದ ಒಬ್ಬ ಗಂಡಸು, "ಮುಂಜಾನೇನ ಹಾಕ್ಯಾನೇನ ಇಂವಾ?" ಎಂದು ನಕ್ಕ. ನನ್ನ ಗಂಡ ಎಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಯೂನಿಫಾರ್ಮಿನಲ್ಲಿದ್ದೆ, ಮಶೀನಿನಿಂದ ಟಿಕೆಟ್ ಹರಿದು ಅವನ ಕೈಗೆ ಕೊಟ್ಟೆ. ಮುಂದಿನ ಸೀಟಿನ ಹೆಂಗಸು ಮಹಾರಾಷ್ಟ್ರದ ಆಧಾರ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟ್ ಕೇಳಿದಳು. ಕರ್ನಾಟಕದವರಿಗೆ ಮಾತ್ರ ಎಂದದ್ದಕ್ಕೆ ಅಂಕಲಿ ಬರುವ ತನಕ ನನ್ನೊಂದಿಗೆ ಮರಾಠಿಯಲ್ಲಿ ಜಗಳ. ಡ್ರೈವರ್ ಗುರಪ್ಪ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಎಲ್ಲರಿಗೂ ನಗು.

ಇವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ಕೊರಳಿನ ನರ ಎರಡೂ ಕಡೆ ಹಗ್ಗದ ಹಾಗೆ ಎದ್ದು ನಿಂತಿದ್ದವು. ಸಣಕಲಾಗಿದ್ದಾರೆ, ಅದಕ್ಕೇ ಇರಬೇಕು.

ಫೆಬ್ರವರಿ 23, ರವಿವಾರ

ಇವತ್ತು ಬುದ್ಧನ ಫೋಟೋ ಮುಂದೆ ಇವರನ್ನು ಕೂರಿಸಿ, ನೀಲಮನ ತಲೆ ಮುಟ್ಟಿಸಿ, ಆಣೆ ಮಾಡಿಸಿದೆ. ಮಾಡಿದರು. "ಮುಟ್ಟಿಲ್ಲ," ಅಂದರು. ಒಂದೇ ಪದ. ಉಳಿದದ್ದು ಉಸಿರು.

ನೀಲಮ ತಲೆ ಕೊಡವಿ ಎದ್ದಳು. ಪಿಯುಸಿ ಪರೀಕ್ಷೆ ಎದುರಿಗಿದೆ, ಆದರೂ ಹುಡುಗಿ ಪುಸ್ತಕ ಬಿಟ್ಟು ನನ್ನೊಂದಿಗೆ ವಾದಕ್ಕೆ ನಿಂತಳು.

"ಮಮ್ಮಿ, ಪಪ್ಪಾನ ಬಾಯಿಂದ ಒಂದ ದಿನಾನರ ವಾಸನಿ ಬಂದೈತೇನ?"

"ವಾಸನಿ ಬರದಂಗ ಕುಡಿಯೂದೂ ಐತಿ."

"ಎಲ್ಲೈತಿ? ತೋರ್ಸ. ದಿನಾ ಮನ್ಯಾಗ ಇರ್ತಾರ, ಎಮ್ಮಿ ಮುಂದ ಕುಂದರ್ತಾರ, ಹತ್ತ ಹೆಜ್ಜಿ ನಡ್ಯಾಕ ಆಗವಲ್ದು. ಅಂಗಡಿಗೆ ಹಾರಿಕೊಂಡ ಹೋಗ್ತಾರೇನ?"

"ಯಾರೋ ತಂದ ಕೊಡ್ತಾರ."

"ಯಾರ? ಆಯಿನಾ?" ಎಂದು ಅಜ್ಜಿಯ ಕಡೆ ಕೈ ತೋರಿಸಿದಳು.

ಅತ್ತೆ ಭೀಮಾಬಾಯಿಗೆ ಎಪ್ಪತ್ತೈದು. ಮೂಲೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಲಿಲ್ಲ. ಈಗ ಈ ಮನೆಯಲ್ಲಿ ನಾನೊಬ್ಬಳೇ ಕೆಟ್ಟವಳು. ದುಡಿಯುವವಳು ನಾನು, ಆಸ್ಪತ್ರೆ ತಿರುಗುವವಳು ನಾನು, ಉಪ್ಪಿಲ್ಲದ ಅಡುಗೆ ಬೇರೆ, ಉಪ್ಪಿನ ಅಡುಗೆ ಬೇರೆ ಮಾಡುವವಳು ನಾನು. ಕೆಟ್ಟವಳೂ ನಾನೇ.

ಮಾರ್ಚ್ 8, ಶನಿವಾರ

ಮಹಿಳಾ ದಿನ. ಡಿಪೋದಲ್ಲಿ ನಮಗೆಲ್ಲ ಒಂದೊಂದು ಗುಲಾಬಿ ಕೊಟ್ಟು ಸಾಲಾಗಿ ನಿಲ್ಲಿಸಿದರು. ಸಾಹೇಬರು ಹೆಣ್ಣಿನ ಸಹನೆಯ ಬಗ್ಗೆ ಭಾಷಣ ಶುರು ಮಾಡಿದ್ದಾಗ ನೀಲಮನ ಫೋನ್. ಎಮ್ಮೆಗೆ ನೀರು ಇಡಲು ಹೋಗಿ ಪಪ್ಪಾ ಬಿದ್ದಿದ್ದಾರೆ, ಎದ್ದೇಳುತ್ತಿಲ್ಲ. ಗುಲಾಬಿ ಹಿಡಿದುಕೊಂಡೇ ಓಡಿದೆ.

ಚಿಕ್ಕೋಡಿಯ ಸರಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಡಾಕ್ಟರು ಇದ್ದರು. ಸೋನಾಲಿ ಎಂದು ಹೆಸರು. ನೀಲಮನ ಅಕ್ಕನ ಹಾಗೆ ಕಾಣುತ್ತಾರೆ, ಅಷ್ಟು ಸಣ್ಣ ವಯಸ್ಸು. ಈ ಡಾಕ್ಟರಾದರೂ ಏನು ನೋಡುತ್ತಾರೆ ಅಂದುಕೊಂಡೆ. ಆಯಮ್ಮ ನನ್ನ ಕಡೆ ತಿರುಗಲಿಲ್ಲ. ಇವರನ್ನೇ ಕೇಳಿದರು.

"ನಾಮದೇವ ಅವ್ರ, ಕುಡೀತೀರೇನು?"

"ಇಲ್ರಿ. ಆರು ವರ್ಷ ಆತು."

"ಆತು," ಎಂದು ಬರೆದುಕೊಂಡರು. ಅಷ್ಟೇ! ಹಿಂದೆ ಮುಂದೆ ಏನೂ ಕೇಳದೆ ನಂಬಿಬಿಟ್ಟರು. ಇಂಥ ಭೋಳೆ ಡಾಕ್ಟರ ಕೈಗೆ ಸಿಕ್ಕೆವಲ್ಲ ಎಂದು ನನಗೆ ಸಿಟ್ಟೇ ಬಂತು.

ಆಮೇಲೆ ಇವರನ್ನು ಒರಗಿ ಕೂರಿಸಿ, ಕೊರಳಿನ ಮೇಲೆ ಟಾರ್ಚ್ ಹಿಡಿದರು. "ಉದ್ದಕ ಉಸಿರ ತಗೋರಿ. ಹಾಂ. ಇನ್ನೊಮ್ಮೆ." ಮೂರು ಸಲ ಹೀಗೆ ಮಾಡಿಸಿ ನನ್ನನ್ನು ಕರೆದರು.

"ನೋಡ್ರಿ ಇಲ್ಲಿ. ಉಸಿರ ಒಳಗ ತಗೊಂಡಾಗ ಈ ನರ ಇಳೀಬೇಕು. ಇವರದು ಏರಾಕತ್ತೇತಿ. ಲಿವರ್ ಕೆಟ್ಟೈತಿ, ಖರೆ. ಆದ್ರ ಅದು ತಾನಾಗೇ ಕೆಟ್ಟಿಲ್ಲ ಅನಸ್ತೈತಿ. ಯಾವಾಗರ ಟಿ.ಬಿ. ಆಗಿತ್ತೇನು?"

ಆಗಿತ್ತು. ಒಂಬತ್ತು ವರ್ಷದ ಹಿಂದೆ. ಆರು ತಿಂಗಳ ಗುಳಿಗೆ ನಾನೇ ಕೈಯಾರೆ ನುಂಗಿಸಿದ್ದೆ. ವಾಸಿಯಾಗಿದೆ ಎಂದು ಬರೆದುಕೊಟ್ಟಿದ್ದರು. ಇಷ್ಟು ದಿನ ಒಬ್ಬರೂ ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಎದೆಯ ಎಕ್ಸ್‌ರೇ ತೆಗೆಸಿದರು. ಹೃದಯದ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿಯ ಗೆರೆ. ನಾಳೆಯೇ ಬೆಳಗಾವಿಗೆ ಹೋಗಿ ಅಂದರು. ನಾಳೆ ರವಿವಾರ, ಯಾರಿರುತ್ತಾರೆ ಅಲ್ಲಿ? ಅದನ್ನು ಈ ಡಾಕ್ಟರಿಗೆ ಯಾರು ಹೇಳಬೇಕು?

ಮಾರ್ಚ್ 13, ಗುರುವಾರ

ಮೂರು ದಿನ ಬೆಳಗಾವಿಯ ದೊಡ್ಡ ಆಸ್ಪತ್ರೆ. ಎಕೋ ಒಂದು ಕಟ್ಟಡದಲ್ಲಿ, ಸಿ.ಟಿ. ಇನ್ನೊಂದರಲ್ಲಿ, ರಿಪೋರ್ಟ್ ಕೊಡುವ ಕಿಟಕಿ ಮೂರನೆಯದರಲ್ಲಿ. ಗಾಲಿಕುರ್ಚಿಯ ಒಂದು ಗಾಲಿ ಎಡಕ್ಕೇ ಎಳೆಯುತ್ತದೆ. ಮೂರು ದಿನ ಇವರನ್ನು ತಳ್ಳಿ ತಳ್ಳಿ ನನ್ನ ಬಲರಟ್ಟೆ ಬಿದ್ದುಹೋಗಿದೆ.

ಕೊನೆಗೆ ಸರ್ಜನ್ ಕರೆದು ಹೇಳಿದರು. ಹೃದಯದ ಸುತ್ತ ಒಂದು ಪೊರೆ ಇರುತ್ತದಂತೆ. ಎಲ್ಲರಿಗೂ ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳು. ಇವರದು ಟಿ.ಬಿ. ಬಂದು ಹೋದ ಮೇಲೆ ದಪ್ಪವಾಗುತ್ತ, ಗಟ್ಟಿಯಾಗುತ್ತ ಬಂದು ಈಗ ಚಿಪ್ಪಾಗಿದೆ.

"ಒಳಗ ಹೃದಯ ಛಲೋ ಐತಿ. ಆದ್ರ ಹಿಗ್ಗಾಕ ಜಾಗಾ ಇಲ್ಲ. ಹಿಗ್ಗಲಿಲ್ಲಂದ್ರ ರಕ್ತ ತುಂಬೂದಿಲ್ಲ. ಅದು ಹಿಂದ ನಿಂತು ಲಿವರಿಗೆ, ಹೊಟ್ಟಿಗೆ, ಕಾಲಿಗೆ ಇಳೀತೈತಿ. ಗುಳಿಗಿಯಿಂದ ಇದು ಹೋಗೂದಲ್ರಿ. ಎದಿ ತಗದು ಆ ಪೊರಿ ಸುಲೀಬೇಕು."

"ಮತ್ತ ಸರ, ಇದಕ್ಕ... ಕುಡಿಯೂದಕ್ಕ..."

"ಏನೂ ಸಂಬಂಧ ಇಲ್ರಿ."

ಅವರು ಅಷ್ಟು ಹೇಳಿ ಮುಂದಿನವರನ್ನು ಕರೆದರು. ಹೊರಗೆ ಬಂದು ಕಲ್ಲಿನ ಬೆಂಚಿನ ಮೇಲೆ ಕುಳಿತೆವು. ನಾನು, "ಮೊದಲ ಸರಿಯಾಗಿ ಹೇಳಬಾರದಿತ್ತೇನ್ರಿ ನೀವು?" ಅಂದೆ. ಇವರು, "ಹೇಳಿದ್ನಲ್ಲ," ಅಂದರು. ಸಿಟ್ಟಿಲ್ಲ, ಬೇಜಾರಿಲ್ಲ. ನಾನು ಕೊಟ್ಟ ಬಾಳೆಹಣ್ಣಿನ ಅರ್ಧ ತಿಂದು ಉಳಿದರ್ಧ ನನಗೆ ಚಾಚಿದರು. ಆ ಬಾಳೆಹಣ್ಣನ್ನು ಮುಖಕ್ಕೆ ಎಸೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇಂಥ ಮನುಷ್ಯನ ಜೊತೆ ಹೇಗೆ ಬಾಳುವುದು?

ಮಾರ್ಚ್ 16, ರವಿವಾರ

ವಿಹಾರಕ್ಕೆ ಹೋದೆ. ಇವರು ಮಲಗಿದ್ದರು, ಎಬ್ಬಿಸಲಿಲ್ಲ. ವಂದನೆ ಮುಗಿದ ಕೂಡಲೇ ಎದ್ದು ನಿಂತೆ. ಬಸ್ಸಿನಲ್ಲಿ ಎಂಬತ್ತು ಜನರ ಮೇಲೆ ಒದರುವ ನಾನು ಅಲ್ಲಿ ಇಪ್ಪತ್ತು ಜನರ ಮುಂದೆ ಮೊದಲ ಮಾತನ್ನೇ ಎರಡು ಸಲ ಶುರು ಮಾಡಬೇಕಾಯಿತು.

"ನಾ ಹೇಳಿದ್ದ ಸುಳ್ಳ. ಇವರು ಕುಡದಿಲ್ಲ. ಇವರ ಎದ್ಯಾಗ ಹೃದಯದ ಪೊರಿ ಗಟ್ಟಿ ಆಗೇತಿ. ಆಪರೇಶನ್ ಐತಿ."

ನಮ್ಮ ಓಣಿಯ ಸುಂದರಾಬಾಯಿ ಮೆಲ್ಲಗೆ, "ಕುಡದ್ರ ಪೊರಿನೂ ಗಟ್ಟಿ ಆಗ್ತೈತೇನ ಸುಜಾತಾ?" ಎಂದು ಕೇಳಿದಳು. ನನಗೆ ರೇಗಿಹೋಯಿತು. "ಇಲ್ಲ ಅಂತ ಹೇಳಾಕತ್ತೇನಿ ನಾ! ಕನ್ನಡದಾಗ ಹೇಳಾಕತ್ತೇನಿ! ಮರಾಠಿಯೊಳಗ ಹೇಳ್ಲೇನ?" ಎಂದು ಕೂಗಿಬಿಟ್ಟೆ. "ಒಬ್ಬರರ ಅವರನ್ನ ಕೇಳಿದ್ರೇನ? ನಾ ಹೇಳಿದ್ದ ತಡ, ಎಲ್ಲಾರೂ ಹೌದ ಹೌದ ಅಂದ್ರಿ!"

ಭರಮು ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. "ಕಟ್ಟಿಕೊಂಡ ಹೆಂಡ್ತಿನೇ ಹೇಳಿದ ಮ್ಯಾಲ ಇನ್ನ ಯಾರನ್ನ ಕೇಳೂದವ್ವಾ?"

ಹೊರಗೆ ಬಂದರೆ ಯಾರೋ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಬರಿಗಾಲಲ್ಲಿ ಬಂದೆ. ಅಷ್ಟರಲ್ಲಿ ನೀಲಮನಿಗೆ ಸುದ್ದಿ ಮುಟ್ಟಿ, ಅವಳು ಇವರಿಗೂ ಹೇಳಿಬಿಟ್ಟಿದ್ದಳು. "ಯಾಕ ಹೋಗಿ ಒದರಿದಿ?" ಅಂದರು ಇವರು. ಆಮೇಲೆ ನೀರು ಕೇಳಿದರು. ಅಷ್ಟೇ.

ಮಾರ್ಚ್ 25, ಮಂಗಳವಾರ

ಭರ್ತಿ ಮಾಡಿಕೊಂಡರು. ಒಬ್ಬ ಕಿರಿಯ ಡಾಕ್ಟರು ಫಾರ್ಮ್ ತುಂಬುತ್ತ, "ಚಟ ಏನಾದರೂ? ತಂಬಾಕು? ದಾರು?" ಎಂದು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ನಾನು, "ಇಲ್ಲ. ಆರು ವರ್ಷದಿಂದ ಒಂದು ಹನಿ ಇಲ್ಲ," ಅಂದೆ. ಆತ, "ಹಂಗಾದ್ರ ಮೊದಲ ಇತ್ತಲ್ರಿ?" ಎಂದು ಏನೋ ಗೀಚಲು ಹೋದರು. ಏನು ಬರೆಯುತ್ತೀರಿ, ಯಾಕೆ ಬರೆಯುತ್ತೀರಿ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಹತ್ತು ನಿಮಿಷ ವಾದ ಮಾಡಿದೆ. "ಅವರ ಕೆಲಸ ಅವರು ಮಾಡ್ಲಿ ಬಿಡ," ಅಂದರು ಇವರು, ಇಡೀ ಜಗತ್ತಿಗೆ ತಾನೇ ತೊಂದರೆ ಕೊಡುತ್ತಿರುವವರ ಹಾಗೆ.

ಸರ್ಜನ್ ಒಪ್ಪಿಗೆಯ ಕಾಗದ ಓದಿ ಹೇಳಿದರು. ನೂರು ಜನರಿಗೆ ಮಾಡಿದರೆ ಏಳೆಂಟು ಮಂದಿ ಉಳಿಯುವುದಿಲ್ಲ. ಇವರು ತಡವಾಗಿ ಬಂದಿದ್ದಾರೆ, ಲಿವರ್ ಸೋತಿದೆ, ಹಾಗಾಗಿ ಇನ್ನೂ ಸ್ವಲ್ಪ ಹೆಚ್ಚು ಅಪಾಯ. ತಡವಾಗಿ ಬಂದಿದ್ದಾರೆ ಅನ್ನುವುದನ್ನು ಎರಡು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ಸಾಕಿತ್ತು.

ಸಹಿ ಮಾಡಿದೆ. ಅತ್ತೆ ಡಾಕ್ಟರ ಕೈ ಹಿಡಿದು ಮರಾಠಿಯಲ್ಲಿ, "ಮಾಝಾ ಪೋರ್‌ಗಾ ವಾಚೇಲ್ ನಾ?" ಎಂದು ಕೇಳುತ್ತಲೇ ಇದ್ದರು. ಮಗ ಉಳಿಯುತ್ತಾನಲ್ಲ, ಉಳಿಯುತ್ತಾನಲ್ಲ ಎಂದು ಅದೊಂದೇ ಮಾತು. ಡಾಕ್ಟರಿಗೆ ಮರಾಠಿ ಬರುವುದಿಲ್ಲ. ನಾನು ತಿಳಿಸಿ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ.

ರಕ್ತ ಕೊಡಲು ಡಿಪೋದಿಂದ ಗುರಪ್ಪ ಮತ್ತು ಮೂವರು ಬಂದಿದ್ದರು. ಇಷ್ಟು ದೊಡ್ಡ ಮೀಸೆಯ ಗುರಪ್ಪ ಸೂಜಿ ನೋಡಿ ಕಣ್ಣು ಕತ್ತಲೆ ಬಂದು ಒರಗಿಬಿಟ್ಟ. ಅವನಿಗೆ ಗಾಳಿ ಹಾಕುವ ಕೆಲಸವೂ ನನಗೇ ಬಿತ್ತು. ಎದ್ದು ಕುಳಿತು, "ಇನ್ನೊಂದ ಕೈಯಾಗಿಂದ ತಗೋರಿ," ಅಂದ. ಕೊಟ್ಟೇ ಹೋದ.

ಮಾರ್ಚ್ 28, ಶುಕ್ರವಾರ

ಎಂಟಕ್ಕೆ ಒಳಗೆ ಒಯ್ದರು. ಬಾಗಿಲ ತನಕ ಹೋದೆ. ಏನಾದರೂ ಹೇಳಬೇಕೆಂದು ಇಡೀ ವಾರ ಯೋಚಿಸಿದ್ದೆ. ಕೊನೆಗೆ ಹೇಳಿದ್ದು, "ಹಲ್ಲಿನ ಸೆಟ್ಟ ತಗದ ಕೊಟ್ರಿಲ್ಲ?" ಎಂದು. ಇವರಿಗೆ ಎರಡು ಕಟ್ಟಿಸಿದ ಹಲ್ಲಿವೆ. "ಕೊಟ್ಟೇನಿ," ಅಂದರು. ಬಾಗಿಲು ಮುಚ್ಚಿತು.

ಹತ್ತು. ಹನ್ನೊಂದು. ಕಾಯುವ ಹಾಲಿನಲ್ಲಿ ಟಿ.ವಿ. ಹಚ್ಚಿಟ್ಟಿದ್ದಾರೆ, ಯಾವುದೋ ಅಡುಗೆ ಕಾರ್ಯಕ್ರಮ. ಬಂದ್ ಮಾಡಿ ಎಂದರೆ ರಿಮೋಟ್ ಇಲ್ಲವಂತೆ. ಪಕ್ಕದಲ್ಲಿ ಕುಳಿತ ಅಥಣಿ ಕಡೆಯ ಹೆಂಗಸು ತನ್ನ ಗಂಡನಿಗೆ ಎಷ್ಟು ಸ್ಟೆಂಟ್ ಹಾಕಿದ್ದಾರೆ ಎಂದು ಬೆರಳು ಮಡಚಿ ಹೇಳಿದಳು. ಹನ್ನೆರಡು. ಅತ್ತೆ ಏನೂ ತಿನ್ನುತ್ತಿಲ್ಲ. ನನಗೆ ಹಸಿವಾಗುತ್ತಿದೆ, ಅದಕ್ಕೂ ನಾಚಿಕೆ.

ಒಂದೂವರೆಗೆ ಸರ್ಜನ್ ಬಂದರು. ಟೊಪ್ಪಿಗೆಯ ಕೆಳಗೆ ಹಣೆಯಲ್ಲಿ ಬೆವರು.

"ಮುಂದಿನ ಕಡೆ, ಬಲಗಡೆ ಪೂರಾ ತಗದೀವಿ. ಹಿಂದ ಒಂದ ತುಕಡಿ ಬಿಟ್ಟೀವಿ. ಅದು ಮಾಂಸಕ್ಕ ಹತ್ತಿ ಕುಂತಿತ್ತು, ಕೀಳಾಕ ಹೋಗಿದ್ರ ಹೃದಯಾನೇ ಹರೀತಿತ್ತು. ಇಷ್ಟ ವರ್ಷ ಅದುಮಿ ಹಿಡದ ಹೃದಯ, ಒಮ್ಮೆಲೇ ಬಿಟ್ಟೀವಿ. ಅದಕ್ಕ ರೂಢಿ ಆಗಬೇಕು. ಎರಡ ದಿನಾ ನೋಡೋಣ."

ಎರಡು ದಿನ ಏನು ನೋಡುವುದು? ಯಾರು ನೋಡುವುದು? ನನ್ನನ್ನಂತೂ ಒಳಗೆ ಬಿಡುವುದಿಲ್ಲ.

ಮಾರ್ಚ್ 29, ಶನಿವಾರ

ಐದು ನಿಮಿಷ ಬಿಟ್ಟರು. ಬಾಯಲ್ಲಿ ನಳಿಗೆ, ಎದೆಯಿಂದ ನಳಿಗೆ, ಕೊರಳಿನಲ್ಲಿ ನಳಿಗೆ. ಕಣ್ಣು ಮುಚ್ಚಿದ್ದಾರೆ. ಮಾತಾಡಿಸಿ, ಕೇಳಿಸಬಹುದು ಎಂದು ನರ್ಸ್ ಹೇಳಿದಳು. ಎಮ್ಮೆ ಹಾಲು ಕಡಿಮೆ ಮಾಡಿದೆ ಅಂದೆ. ಬೇರೇನೂ ತೋಚಲಿಲ್ಲ.

ಮಾರ್ಚ್ 30, ರವಿವಾರ

ಬಿ.ಪಿ. ನಿಲ್ಲುತ್ತಿಲ್ಲ. ಮೂತ್ರ ಇಳಿದಿಲ್ಲ. ಔಷಧ ಹೆಚ್ಚಿಸಿದ್ದಾರೆ.

ಮಾರ್ಚ್ 31, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ 2, ಬುಧವಾರ

ಮೂತ್ರ ಬಂತು. ಹೀಗೆ ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ. ನಿನ್ನೆ ಬೆಳಿಗ್ಗೆಯಿಂದ ಶುರುವಾದದ್ದು ನಿಲ್ಲುತ್ತಲೇ ಇಲ್ಲ, ಚೀಲ ತುಂಬುತ್ತದೆ, ಬದಲಿಸುತ್ತಾರೆ, ಮತ್ತೆ ತುಂಬುತ್ತದೆ. ಮೈಯಲ್ಲಿ ನಿಂತ ನೀರೆಲ್ಲ ಇಳಿಯುತ್ತಿದೆ ಎಂದರು ಡಾಕ್ಟರು. ಅತ್ತೆಗೆ ಹೇಳಿದರೆ ಆಸ್ಪತ್ರೆಯ ಕಾರಿಡಾರಿನಲ್ಲೇ ಕೈ ಮುಗಿದು ಕುಳಿತುಬಿಟ್ಟರು, ಸ್ಟ್ರೆಚರ್ ತರುವವರಿಗೆ ಅಡ್ಡವಾಗಿ.

ಬಾಯಿಯ ನಳಿಗೆ ತೆಗೆದಿದ್ದಾರೆ. ಇವರು ನನ್ನನ್ನು ನೋಡಿ ಏನೋ ಅಂದರು, ಗಂಟಲು ಒಡೆದು ಕೇಳಿಸಲಿಲ್ಲ. ಕಿವಿ ಹತ್ತಿರ ಒಯ್ದೆ. "ಎಮ್ಮಿ?" ಅಂದರು.

ಕೇಳಿಸಿತ್ತಲ್ಲ! ಸತ್ತು ಬದುಕಿದ ಮನುಷ್ಯ ಮೊದಲು ಕೇಳುವುದು ಎಮ್ಮೆಯನ್ನು.

ಕಿರಿಯ ಡಾಕ್ಟರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಸ್ಟೀಲಿನ ತಟ್ಟೆಯಲ್ಲಿ ಸುಲಿದು ಇಟ್ಟ ತುಂಡುಗಳು, ಹಳದಿ ಬಿಳುಪು, ಅಲ್ಲಲ್ಲಿ ಮೊಟ್ಟೆಯ ಓಡಿನ ಹಾಗೆ ಒಡೆದಿವೆ. ಇವರು ನೋಡಲಿಲ್ಲ, ಮುಖ ತಿರುಗಿಸಿದರು. ನಾನು ಬಹಳ ಹೊತ್ತು ನೋಡಿದೆ. ಆತ ಮೊಬೈಲ್ ಕಸಿದುಕೊಳ್ಳಬೇಕಾಯಿತು.

ಏಪ್ರಿಲ್ 14, ಸೋಮವಾರ

ಮನೆಗೆ ಬಂದು ನಾಲ್ಕು ದಿನ. ಇವತ್ತು ಬಾಬಾಸಾಹೇಬರ ಜಯಂತಿ. ಓಣಿಯ ತುಂಬ ನೀಲಿ ಝಂಡಾ. ಇವರ ಮೈಯಿಂದ ಹದಿಮೂರು ಕಿಲೋ ನೀರು ಇಳಿದು ಬರೀ ಎಲುಬು ಉಳಿದಿದೆ. ಕಾಲುಗಳನ್ನು ಗುರುತಿಸಲಾಗದು, ಬಾವು ಇಳಿದು ಮದುವೆಯಲ್ಲಿ ನೋಡಿದ ಸಣ್ಣ ಕಾಲೇ ಆಗಿವೆ. ಎದೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮೆರವಣಿಗೆಯಲ್ಲಿ ಬಂದವರೆಲ್ಲ, "ಜೈ ಭೀಮ್ ನಾಮದೇವಣ್ಣಾ," ಎಂದು ನಿಂತು ಮಾತಾಡಿಸುವವರೇ. ಹೊಲಿಗೆ ತೋರಿಸು ಅನ್ನುವವರು ಅರ್ಧ ಜನ. ಸೋಂಕು ತಗಲುತ್ತದೆ ಎಂದು ಹೇಳಿ ಹೇಳಿ ನನ್ನ ಬಾಯಿ ನೊಂದಿತು. ಕೊನೆಗೆ ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು ಇಟ್ಟೆ. ಬೆಂಚಿನ ಮೇಲೂ ಕುಳಿತರು.

ಮೇ 9, ಶುಕ್ರವಾರ

ಡ್ಯೂಟಿಗೆ ಹೋಗಲು ಶುರು ಮಾಡಿ ಎರಡು ವಾರ. ಇಲ್ಲಿ ಗಾಡಿಯಲ್ಲಿ ಟಿಕೆಟ್ ಹರಿಯುತ್ತಿರುತ್ತೇನೆ, ತಲೆ ಅಲ್ಲಿ. ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು, ಕೈ ಮೇಲೆತ್ತಬಾರದು, ಬಗ್ಗಬಾರದು, ಮೂರು ತಿಂಗಳು. ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ಇವತ್ತು ಬಂದು ನೋಡಿದರೆ ಎಮ್ಮೆಯ ಕೆಚ್ಚಲ ಕೆಳಗೆ ಕುಳಿತಿದ್ದಾರೆ!

"ಹಾಲ ಹಿಂಡೂದ ಎತ್ತೂದಲ್ಲ," ಅಂದರು.

ಸೋನಾಲಿ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅವರು ನಕ್ಕು, "ಹಸಿವಿ ಆಗಾಕತ್ತೇತೇನು? ಕೊರಳಿನ ನರ ಕಾಣ್ತಾವೇನು?" ಎಂದು ಕೇಳಿದರು. ನೋಡಿದ್ದೆ, ದಿನಾ ನೋಡುತ್ತೇನೆ. ಕಾಣುತ್ತಿಲ್ಲ. ಮೂರು ಭಕ್ಕರಿ ತಿನ್ನುತ್ತಾರೆ ಅಂದೆ. "ಹಂಗಾದ್ರ ಯಾಕ ಅಳಾಕತ್ತೀರಿ?" ಅಂದರು. ನಾನೆಲ್ಲಿ ಅಳುತ್ತಿದ್ದೆ? ಈ ಡಾಕ್ಟರು ಎಲ್ಲವನ್ನೂ ತಾನೇ ಕಂಡುಹಿಡಿಯಬೇಕು.

ಜೂನ್ 8, ರವಿವಾರ

ಇವತ್ತು ಮನೆಯಲ್ಲಿ ದೊಡ್ಡ ಜಗಳ.

ಸತ್ತಿ ಊರಿನಿಂದ ಇವರ ದೂರದ ಸೋದರಮಾವ ಧರೆಪ್ಪ ಬಂದಿದ್ದ. ಎಲ್ಲ ಮುಗಿದ ಮೇಲೆ ಬರುವುದು, ಬಂದು ಬುದ್ಧಿ ಹೇಳುವುದು ಅವನ ಪದ್ಧತಿ. ಚಹಾ ಕುಡಿಯುತ್ತ, "ನಾಮದೇವಾ, ಇನ್ನರ ಬಾಟ್ಲಿಗೆ ದೂರಿಂದನ ಕೈ ಮುಗಿ. ಹೆಂಡ್ತಿ ಪುಣ್ಯಾದಾಗ ಉಳದಿ," ಅಂದ. ಎಷ್ಟು ಜನರಿಗೆ ಎಷ್ಟು ಸಲ ಬಿಡಿಸಿ ಹೇಳುವುದು? ಆರು ದಿನದ ಡ್ಯೂಟಿ ಮುಗಿಸಿ ಸೋತಿದ್ದೆ. "ಹೂಂ, ಹೂಂ, ಇನ್ನೊಂದ ಸ್ವಲ್ಪ ಚಹಾ ತಗೋರಿ," ಅಂದೆ.

ಧರೆಪ್ಪ ಓಣಿ ದಾಟುವ ತನಕ ಇವರು ಸುಮ್ಮನಿದ್ದರು. ಆಮೇಲೆ ಎದ್ದು ನಿಂತರು.

"ಏನ್ ಹೂಂ? ಯಾವುದಕ್ಕ ಹೂಂ ಅಂದಿ?"

"ಅವರಿಗೆ ಏನ್ ಹೇಳೂದ್ರಿ? ಹೋದ್ರ ಸಾಕಾಗಿತ್ತ."

"ನಿನಗ ಸಾಕಾಗೇತಿ! ಒಂದೂವರಿ ವರ್ಷ ನನ್ನ ಕಳ್ಳನ್ನ ಮಾಡಿದಿ. ಕಿಸೆ ತಡಕಿದಿ. ಹಿಂಡಿ ಚೀಲ ಹುಡುಕಿದಿ, ನಾ ನೋಡಿಲ್ಲ ಅಂತ ತಿಳದೀಯೇನ? ಮಗಳ ತಲಿ ಮುಟ್ಟಸಿದಿ. ಮಂದಿ ಮುಂದ ವಂದನಾದಿಂದ ಎಬ್ಬಿಸಿ ಹಿಂದ ಕುಂದರಿಸಿದಿ. ಆವತ್ತ ಆ ಗ್ವಾಡಿ ಹಿಡಕೊಂಡ ಹಿಂದ ಹೋಗೂ ಮುಂದ ನೆಲಾ ಬಾಯಿ ಬಿಟ್ಟರ ಒಳಗ ಹೋಗಿಬಿಡಬೇಕ ಅನಿಸಿತ್ತ ನನಗ. ಇವತ್ತ ಒಂದ ಮಾತ, 'ಇಲ್ರಿ ಮಾವಾ, ಇವರು ಕುಡದಿಲ್ಲ' ಅಂತ ಒಂದ ಮಾತ ಹೇಳಾಕ ನಿನಗ ಸಾಕಾಗೇತಿ?"

ಓಣಿಯ ತುದಿಯ ತನಕ ಕೇಳಿಸುವ ಹಾಗೆ. ನೀಲಮ ಒಳಗಿನಿಂದ ಓಡಿ ಬಂದಳು. ನಾನೂ ಬಿಡಲಿಲ್ಲ. "ಆವಾಗ ಯಾಕ ಬಾಯಿ ಮುಚಕೊಂಡ ಕುಂತ್ರಿ ಮತ್ತ? ಹಿಂಗ ಒದರಿದ್ರ ನಾ ನಂಬತಿರಲಿಲ್ಲೇನ?"

"ಉಸಿರ ಎಲ್ಲಿತ್ತಲೇ ಒದರಾಕ? ಎರಡ ಮಾತಿಗೆ ಮೂರನೇದ ಆಡಿದ್ರ ಕಣ್ಣ ಮುಂದ ಕತ್ತಲಿ ಬರ್ತಿತ್ತ. ನೀ ಬೈದಾಗೆಲ್ಲಾ ಎದ್ಯಾಗ ಇಷ್ಟ ತುಂಬಿಕೊಂಡ ಬರ್ತಿತ್ತ, ಬಾಯಿ ತನಕ ಬಂದ ಮುಟ್ಟತಿರಲಿಲ್ಲ!"

ಅದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ತಿಂಗಳು ಎದುರಿಗೆ ಕುಳಿತು ಈ ಮನುಷ್ಯ ಬಾಯಿ ತೆರೆದು ಉಸಿರು ಎಳೆಯುವುದನ್ನು ನೋಡಿದ್ದೇನೆ.

"ತಪ್ಪ ಆತ್ರಿ," ಅಂದೆ. ಹೇಳಿದ್ದು ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದರು, ಎದೆಯ ಪಟ್ಟಿ ಇಲ್ಲ, ತಲೆಗೆ ಟೊಪ್ಪಿಗೆ ಇಲ್ಲ. ಎರಡನ್ನೂ ಹಿಡಿದುಕೊಂಡು ಹಿಂದೆ ಓಡಿದೆ. ಚಿಕ್ಕೋಡಿ ರಸ್ತೆಯ ಏರು ಹಿಡಿದು ಹೊರಟಿದ್ದರು. ನಿಲ್ಲಿ ಎಂದು ಕೂಗಿದೆ. ನಿಲ್ಲಲಿಲ್ಲ. ಎಲ್ಲಾದರೂ ಕುಳಿತಾರು, ಗೋಡೆ ಹಿಡಿದಾರು ಎಂದು ನೋಡಿದೆ. ಇಲ್ಲ. ಕೈ ಬೀಸಿಕೊಂಡು, ತಮ್ಮಷ್ಟಕ್ಕೇ ಇನ್ನೂ ಬಯ್ಯುತ್ತ, ಏರು ಹತ್ತಿ ಆ ಕಡೆ ಇಳಿದುಹೋದರು. ನಾನು ಅರ್ಧಕ್ಕೆ ಬೇವಿನ ಮರಕ್ಕೆ ಕೈಕೊಟ್ಟು ನಿಂತೆ. ನನಗೇ ಏದುಸಿರು.

ಸುಂದರಾಬಾಯಿ ಹೊಲದಿಂದ ಬರುತ್ತಿದ್ದಳು. "ಏನಾತ ಸುಜಾತಾ? ಜಗಳ ಆತೇನ?"

"ಹೌದ. ಜಗಳ ಆತ," ಅಂದೆ. "ನೀ ನೋಡಿದಿಲ್ಲ, ಹೆಂಗ ನಡದಾರ?"

ಹೊತ್ತು ಮುಳುಗುವ ಮೊದಲು ತಾವೇ ಬಂದರು. ಊಟಕ್ಕೆ ಕುಳಿತರು, ನನ್ನ ಕಡೆ ನೋಡಲಿಲ್ಲ. ಭಕ್ಕರಿ ಬೇಕಾದಾಗ ತಾಟು ಮುಂದೆ ತಳ್ಳಿದರು. ಊಟವಾದ ಮೇಲೆ ನೀಲಮ ಅಡುಗೆಮನೆಗೆ ಬಂದು, "ಮಮ್ಮಿ, ಪಪ್ಪಾ ನಿನ್ನ ಜೋಡಿ ಮಾತಾಡಂಗಿಲ್ಲಂತ," ಅಂದಳು.

"ಎಷ್ಟ ದಿನಾ ಅಂತ ಕೇಳ."

ಹೋಗಿ ಕೇಳಿಬಂದಳು. ನಗು ತಡೆದುಕೊಳ್ಳುತ್ತಿದ್ದಳು.

"ಒಂದೂವರಿ ವರ್ಷ ಅಂತ."

ಎಂಥ ಹಟಮಾರಿ ಮನುಷ್ಯ. ಪಾತ್ರೆ ತೊಳೆಯುತ್ತ ಬೈದುಕೊಂಡೆ. ಆಮೇಲೆ ನೀರು ನಿಲ್ಲಿಸಿ ನಿಂತೆ. ಈ ಮಾರ್ಚಿನಲ್ಲಿ ನಾನು ನಾಳೆಯ ಮಾತನ್ನೂ ಆಡಲು ಹೆದರುತ್ತಿದ್ದೆ. ಇವರು ಒಂದೂವರೆ ವರ್ಷ ಅನ್ನುತ್ತಿದ್ದಾರೆ.

ಆಗಲಿ. ಒಂದು ದಿನವೂ ಕಡಿಮೆ ಮಾಡಕೂಡದು ಎಂದು ನೀಲಮನ ಕೈಯಲ್ಲಿ ಹೇಳಿ ಕಳಿಸಿದ್ದೇನೆ.